ಗರ್ಭಿಣಿಯ ಮಧುಮೇಹ: ಸೂಜಿಯೋ, ಗುಳಿಗೆಯೋ, ಕಷಾಯವೋ?

ಶ್ರೀಮಠದ ಸದ್ಭಕ್ತರಿಂದ ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಒಂದು ಪ್ರಶ್ನೆ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತಿದೆ. ಮಗಳೋ ಸೊಸೆಯೋ ಆರು ತಿಂಗಳ ಗರ್ಭಿಣಿ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿ ಸಕ್ಕರೆ ಹೆಚ್ಚಾಗಿದೆ ಎಂದಿದ್ದಾರೆ. ಇನ್ಸುಲಿನ್ ಚುಚ್ಚುಮದ್ದು ಬೇಕಾಗಬಹುದೆಂದು ಸೂಚಿಸಿದ್ದಾರೆ. ಮನೆಯವರಿಗೆ ಗಾಬರಿ. ‘ಸೂಜಿಯ ಬದಲು ಗುಳಿಗೆ ಸಾಲದೇ? ಗುಳಿಗೆಗಿಂತ ನಿಮ್ಮ ಕಷಾಯವೇ ಹೊಟ್ಟೆಯಲ್ಲಿರುವ ಕೂಸಿಗೆ ಹಿತವಲ್ಲವೇ?’ ಎಂಬುದು ಅವರ ಪ್ರಶ್ನೆ.

ನಾವು ಆಯುರ್ವೇದ ವೈದ್ಯರು. ಆದ್ದರಿಂದ ಕಷಾಯದ ಪರವಾಗಿಯೇ ಉತ್ತರ ಬರುವುದೆಂದು ಕೇಳುವವರು ನಿರೀಕ್ಷಿಸುವುದು ಸಹಜ. ಆದರೆ ವೈದ್ಯನ ಮೊದಲ ಧರ್ಮ ತನ್ನ ಪದ್ಧತಿಯನ್ನು ಎತ್ತಿಹಿಡಿಯುವುದಲ್ಲ, ರೋಗಿಯ ಹಿತವನ್ನು ಕಾಯುವುದು. ಇಲ್ಲಿಯಂತೂ ಕಾಯಬೇಕಾದ ಜೀವಗಳು ಎರಡು. ಆದಕಾರಣ ಲಭ್ಯವಿರುವ ಔಷಧಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು, ಪಕ್ಷಪಾತವಿಲ್ಲದೆ ತೂಗಿ ನೋಡೋಣ.

ಸಕ್ಕರೆ ಏರುವುದೇಕೆ?

ಗರ್ಭದ ಮಾಸು ಶಿಶುವಿಗೆ ಆಹಾರವನ್ನು ಒಯ್ಯುವ ಅಂಗ ಮಾತ್ರವಲ್ಲ. ಅದು ಹಲವು ಹಾರ್ಮೋನುಗಳನ್ನೂ ಸ್ರವಿಸುತ್ತದೆ. ಈ ಹಾರ್ಮೋನುಗಳು ತಾಯಿಯ ಶರೀರದಲ್ಲಿ ಇನ್ಸುಲಿನ್‌ನ ಪ್ರಭಾವವನ್ನು ತಗ್ಗಿಸುತ್ತವೆ. ಶಿಶುವಿಗೆ ಸಾಕಷ್ಟು ಪೋಷಣೆ ದೊರೆಯಲೆಂದು ಪ್ರಕೃತಿ ಮಾಡಿದ ಏರ್ಪಾಡು ಇದು. ಹೆಚ್ಚಿನ ತಾಯಂದಿರ ಮೇದೋಜೀರಕ ಗ್ರಂಥಿಯು ಇನ್ನಷ್ಟು ಇನ್ಸುಲಿನ್ ಉತ್ಪಾದಿಸಿ ಸಮತೋಲನ ಕಾಯ್ದುಕೊಳ್ಳುತ್ತದೆ. ಕೆಲವರಲ್ಲಿ ಅದು ಸಾಧ್ಯವಾಗದೆ, ಸಾಮಾನ್ಯವಾಗಿ 24ರಿಂದ 28ನೆಯ ವಾರದ ಸುಮಾರಿಗೆ, ರಕ್ತದ ಸಕ್ಕರೆ ಮಿತಿ ಮೀರುತ್ತದೆ. ಇದು ತಾಯಿಯ ತಪ್ಪಿನಿಂದ ಬಂದ ಶಿಕ್ಷೆಯಲ್ಲ. ಅವಳನ್ನು ದೂಷಿಸುವ ಮನೆಯವರು ಇದನ್ನು ಮೊದಲು ಅರಿಯಬೇಕು.

ಈ ಲೇಖನದ ತಿರುಳು ಮುಂದಿನ ಒಂದು ಸಂಗತಿಯಲ್ಲಿದೆ. ತಾಯಿಯ ರಕ್ತದ ಸಕ್ಕರೆ ಮಾಸನ್ನು ಸುಲಭವಾಗಿ ದಾಟುತ್ತದೆ. ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಹೆಚ್ಚಾಗಿ ಹರಿದು ಬಂದ ಸಕ್ಕರೆಯನ್ನು ನಿಭಾಯಿಸಲು ಶಿಶು ತಾನೇ ಹೆಚ್ಚು ಇನ್ಸುಲಿನ್ ಉತ್ಪಾದಿಸುತ್ತದೆ. ಆ ಇನ್ಸುಲಿನ್ ಸಕ್ಕರೆಯನ್ನು ಕೊಬ್ಬಾಗಿ ಮಾರ್ಪಡಿಸುವುದರಿಂದ ಶಿಶು ಅತಿಯಾಗಿ ಬೆಳೆಯುತ್ತದೆ. ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳುವ ಅಪಾಯ ಉಂಟಾಗುತ್ತದೆ. ಹುಟ್ಟಿದೊಡನೆ ತಾಯಿಯ ಸಕ್ಕರೆಯ ಪೂರೈಕೆ ನಿಂತರೂ ಶಿಶುವಿನ ಇನ್ಸುಲಿನ್ ಹಾಗೆಯೇ ಉಳಿಯುವುದರಿಂದ, ಅದರ ರಕ್ತದ ಸಕ್ಕರೆ ಥಟ್ಟನೆ ಕುಸಿಯಬಹುದು. ಆದ್ದರಿಂದ ‘ಔಷಧವೇ ಬೇಡ, ಮಗುವಿಗೆ ಏನೂ ತಾಕದಿರಲಿ’ ಎನ್ನುವ ಮಾತು ಕೇಳಲು ಸುರಕ್ಷಿತವೆನಿಸಿದರೂ ವಾಸ್ತವದಲ್ಲಿ ಹಾಗಿಲ್ಲ. ಔಷಧವನ್ನು ನಿರಾಕರಿಸಿದಾಗಲೂ ಮಗುವಿಗೆ ಒಂದು ವಸ್ತು ತಲುಪುತ್ತಲೇ ಇರುತ್ತದೆ. ಅದೇ ಮಿತಿಮೀರಿದ ಸಕ್ಕರೆ.

ಪರೀಕ್ಷೆ ಮತ್ತು ಗುರಿ

ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಗರ್ಭಿಣಿಯು ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೆಯ ವಾರದಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಊಟವಾಗಿದ್ದರೂ ಇಲ್ಲದಿದ್ದರೂ 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ, ಎರಡು ಗಂಟೆಗಳ ನಂತರ ರಕ್ತ ಪರೀಕ್ಷಿಸುತ್ತಾರೆ. ಸಕ್ಕರೆಯ ಪ್ರಮಾಣ 140 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಗರ್ಭಾವಸ್ಥೆಯ ಮಧುಮೇಹ. ಉಪವಾಸವಿದ್ದು ದೂರದ ಊರಿನಿಂದ ಬರಬೇಕಾಗಿಲ್ಲದ ಈ ಸರಳ ವಿಧಾನವು ನಮ್ಮ ಹಳ್ಳಿಗಳ ಹೆಣ್ಣುಮಕ್ಕಳಿಗೆ ಬಹು ಅನುಕೂಲಕರವಾದುದು.

ಚಿಕಿತ್ಸೆಯ ಗುರಿ ಸ್ಪಷ್ಟವಾಗಿದೆ: ಖಾಲಿ ಹೊಟ್ಟೆಯಲ್ಲಿ 95ಕ್ಕಿಂತ ಕಡಿಮೆ, ಊಟವಾದ ಎರಡು ಗಂಟೆಗಳ ನಂತರ 120ಕ್ಕಿಂತ ಕಡಿಮೆ. ಮುಂದೆ ಯಾವ ಔಷಧದ ಮಾತು ಬಂದರೂ ಅದನ್ನು ಅಳೆಯುವ ಒರೆಗಲ್ಲುಗಳು ಎರಡು. ತಾಯಿಯ ಸಕ್ಕರೆಯನ್ನು ಅದು ಈ ಗುರಿಗೆ ತರುತ್ತದೆಯೇ? ಮಾಸನ್ನು ದಾಟಿ ಶಿಶುವನ್ನು ತಲುಪುತ್ತದೆಯೇ?

ಆಹಾರವೇ ಮೊದಲ ಚಿಕಿತ್ಸೆ

ರೋಗ ಪತ್ತೆಯಾದ ಬಳಿಕ ಮೊದಲ ಎರಡು ವಾರ ಆಹಾರಕ್ರಮ ಹಾಗೂ ಲಘು ವ್ಯಾಯಾಮಗಳೇ ಚಿಕಿತ್ಸೆ. ಬಹುಮಂದಿಗೆ ಇಷ್ಟೇ ಸಾಕಾಗುತ್ತದೆ. ಮೂರು ಹೊತ್ತು ಮಿತವಾದ ಊಟ, ನಡುವೆ ಚಿಕ್ಕ ಉಪಾಹಾರ, ಪ್ರತಿ ಊಟದ ನಂತರ ಹತ್ತು ಹದಿನೈದು ನಿಮಿಷಗಳ ನಡಿಗೆ. ತಟ್ಟೆಯ ಅರ್ಧದಷ್ಟು ಪಲ್ಯ, ಸೊಪ್ಪು, ಕೋಸಂಬರಿ. ಕಾಲು ಭಾಗ ಬೇಳೆ, ಕಾಳು, ಮೊಸರು. ಉಳಿದ ಕಾಲು ಭಾಗ ರೊಟ್ಟಿ, ಮುದ್ದೆ ಅಥವಾ ಅನ್ನ.

ಇಲ್ಲಿ ಕೆಲವು ತಪ್ಪು ತಿಳಿವಳಿಕೆಗಳನ್ನು ತಿದ್ದಬೇಕಾಗಿದೆ. ರಾಗಿಯಲ್ಲಿ, ಜೋಳದಲ್ಲಿ ಸಕ್ಕರೆಯಿಲ್ಲವೆಂದು ಎಷ್ಟಾದರೂ ತಿನ್ನಬಹುದೆಂದು ಹಲವರು ನಂಬಿದ್ದಾರೆ. ಅವು ನಾರಿನಂಶವುಳ್ಳ ಉತ್ತಮ ಧಾನ್ಯಗಳು ನಿಜ. ಆದರೆ ಅವುಗಳಲ್ಲಿಯೂ ಪಿಷ್ಟವಿದೆ, ಪಿಷ್ಟವೆಲ್ಲ ಸಕ್ಕರೆಯಾಗಿಯೇ ರಕ್ತಕ್ಕೆ ಸೇರುತ್ತದೆ. ರಾಗಿಯ ಅಂಬಲಿಗಿಂತ ಪಲ್ಯದೊಡನೆ ತಿನ್ನುವ ಒಂದು ರೊಟ್ಟಿ ಲೇಸು. ಬೆಲ್ಲವೂ ಜೇನುತುಪ್ಪವೂ ಈ ವಿಷಯದಲ್ಲಿ ಸಕ್ಕರೆಯ ಒಡಹುಟ್ಟುಗಳೇ. ಕುಬಸದ ದಿನ ಬಂದವರೆಲ್ಲ ಒಂದೊಂದು ತುತ್ತು ಹೋಳಿಗೆ ತಿನ್ನಿಸುವುದು ಪ್ರೀತಿಯ ಆಚಾರವಾದರೂ, ಸಕ್ಕರೆ ಏರಿರುವ ಬಸುರಿಗೆ ಆ ಪ್ರೀತಿಯನ್ನು ಹಣ್ಣಿನ ಹೋಳಿನಲ್ಲಿ, ಹೂವಿನಲ್ಲಿ ತೋರಿದರೆ ಸಾಕು. ದಾಸೋಹದ ಪಾಯಸವನ್ನೂ ಒಂದು ಚಮಚೆಯಷ್ಟು ಸ್ವೀಕರಿಸಿದರೆ ಪ್ರಸಾದದ ಗೌರವಕ್ಕೆ ಕುಂದಿಲ್ಲ. ಇಷ್ಟಾಗಿಯೂ ಹಸಿದುಕೊಂಡಿರುವುದು ಪಥ್ಯವಲ್ಲ; ಗರ್ಭಿಣಿ ಉಪವಾಸ ಮಾಡಲೇಬಾರದು.

ಎರಡು ವಾರಗಳ ಶ್ರದ್ಧೆಯ ಪಥ್ಯದ ಬಳಿಕವೂ ಊಟದ ನಂತರದ ಸಕ್ಕರೆ 120ರ ಮೇಲಿದ್ದರೆ ಔಷಧ ಬೇಕು. ‘ಇನ್ನೊಂದು ತಿಂಗಳು ನೋಡೋಣ’ ಎನ್ನಲು ಗರ್ಭಾವಸ್ಥೆಯಲ್ಲಿ ಕಾಲಾವಕಾಶವಿಲ್ಲ. ಆಸ್ಟ್ರೇಲಿಯಾದಲ್ಲಿ ಸಾವಿರ ಗರ್ಭಿಣಿಯರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಮಾನ್ಯ ಆರೈಕೆ ಮಾತ್ರ ಪಡೆದವರ ಶಿಶುಗಳಲ್ಲಿ ಗಂಭೀರ ತೊಡಕುಗಳು ಶೇ. 4ರಷ್ಟಿದ್ದರೆ, ಪಥ್ಯ, ಸಕ್ಕರೆಯ ತಪಾಸಣೆ ಹಾಗೂ ಅಗತ್ಯವಿದ್ದಲ್ಲಿ ಇನ್ಸುಲಿನ್ ಪಡೆದವರಲ್ಲಿ ಅವು ಶೇ. 1ಕ್ಕೆ ಇಳಿದವು.

ಇನ್ಸುಲಿನ್

ಕೆನಡಾದ ಟೊರಾಂಟೊ ನಗರದಲ್ಲಿ 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರ ಪ್ರಯತ್ನದಿಂದ ಹೊರಬಂದ ಇನ್ಸುಲಿನ್, ಗರ್ಭಿಣಿಯರ ಮಧುಮೇಹದಲ್ಲಿ ಅತಿ ದೀರ್ಘಕಾಲದ ಅನುಭವವುಳ್ಳ ಔಷಧ. ನಮ್ಮ ಎರಡು ಒರೆಗಲ್ಲುಗಳಿಗೂ ಇದು ಚೆನ್ನಾಗಿ ನಿಲ್ಲುತ್ತದೆ. ಪ್ರಮಾಣವನ್ನು ಏರಿಸಿ ಇಳಿಸಿ ಎಂತಹ ಸಕ್ಕರೆಯನ್ನೂ ಗುರಿಗೆ ತರಬಹುದು. ಮಾಸನ್ನು ಗಮನಾರ್ಹವಾಗಿ ದಾಟದ ಕಾರಣ ಅದರ ಕೆಲಸ ತಾಯಿಯಲ್ಲಿಯೇ ಮುಗಿಯುತ್ತದೆ. ಗರ್ಭದ ಯಾವುದೇ ತಿಂಗಳಿನಲ್ಲಿ ಆರಂಭಿಸಬಹುದು.

ಸಸ್ಯಾಹಾರಿಗಳಾದ ನಮ್ಮ ಭಕ್ತರಲ್ಲಿ ಕೆಲವರು ಸಂಕೋಚದಿಂದ ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಇದು ಪ್ರಾಣಿಗಳಿಂದ ತೆಗೆದದ್ದಲ್ಲವೇ? ಹಿಂದೆ ದನ ಹಾಗೂ ಹಂದಿಗಳ ಗ್ರಂಥಿಗಳಿಂದ ಅದನ್ನು ತೆಗೆಯುತ್ತಿದ್ದುದು ನಿಜ. 1982ರಿಂದ ಈಚೆಗೆ ಸೂಕ್ಷ್ಮಜೀವಿಗಳ ನೆರವಿನಿಂದ ತಯಾರಾದ ಮಾನವ ಇನ್ಸುಲಿನ್ ಬಳಕೆಗೆ ಬಂದಿದೆ. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2004ರಲ್ಲಿ ಯೀಸ್ಟ್ ಮೂಲಕ ತಯಾರಿಸಿದ ಇನ್ಸುಲಿನ್ ಅನ್ನು ಮಾರುಕಟ್ಟೆಗೆ ತಂದಿತು. ಆದ್ದರಿಂದ ಆ ಅಳುಕು ಬೇಡ.

ತೊಡಕುಗಳಿಲ್ಲವೆಂದಲ್ಲ. ದಿನವೂ ಚುಚ್ಚಿಕೊಳ್ಳಬೇಕು; ಊಟ ತಪ್ಪಿದರೆ ಸಕ್ಕರೆ ಅತಿಯಾಗಿ ಇಳಿದು ಬೆವರು, ನಡುಕ, ಕಣ್ಣುಕತ್ತಲೆ ಬರಬಹುದು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಮೂರು ಚಹಾ ಚಮಚೆ ಗ್ಲೂಕೋಸ್ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೇ ಕುಡಿಸಿ, ವಿಶ್ರಾಂತಿ ಕೊಟ್ಟು, ಆಮೇಲೆ ಉಣ್ಣಿಸಬೇಕು. ಮನೆಯ ಎಲ್ಲರಿಗೂ ಇದು ತಿಳಿದಿರಲಿ. ಇನ್ನೊಂದು ಎಚ್ಚರಿಕೆ: ನಮ್ಮಲ್ಲಿ ಸಾಮಾನ್ಯವಾಗಿ ದೊರೆಯುವ ಸೀಸೆಗಳಲ್ಲಿ ಪ್ರತಿ ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ, ಅದಕ್ಕೆ ಕೆಂಪು ಮುಚ್ಚಳದ 40 ಯೂನಿಟ್‌ಗಳ ಸಿರಿಂಜನ್ನೇ ಬಳಸಬೇಕು. 100 ಯೂನಿಟ್‌ಗಳ ಸೀಸೆಗೆ ಸಿರಿಂಜು ಬೇರೆ. ಇವು ಅದಲುಬದಲಾದರೆ ಪ್ರಮಾಣವೇ ತಪ್ಪುತ್ತದೆ. ಔಷಧವನ್ನು ಫ್ರಿಜ್ಜಿನಲ್ಲಿಡಬೇಕು, ಆದರೆ ಹೆಪ್ಪುಗಟ್ಟುವ ಭಾಗದಲ್ಲಿ ಇಡಕೂಡದು.

ಇನ್ಸುಲಿನ್ ಒಮ್ಮೆ ಹಿಡಿದರೆ ಬಿಡುವಂತಿಲ್ಲವೆಂಬ ಭಯ ಊರೂರಿನಲ್ಲಿದೆ. ಗರ್ಭಾವಸ್ಥೆಯಲ್ಲಿ ಮಾತ್ರ ಕಾಣಿಸಿಕೊಂಡ ಮಧುಮೇಹದಲ್ಲಿ ಹೆರಿಗೆಯಾಗಿ ಮಾಸು ಹೊರಬಿದ್ದೊಡನೆ ಬಹುತೇಕ ಎಲ್ಲರಿಗೂ ಇನ್ಸುಲಿನ್ ನಿಲ್ಲಿಸುತ್ತಾರೆ.

ಮೆಟ್‌ಫಾರ್ಮಿನ್ ಗುಳಿಗೆ

ಈ ಗುಳಿಗೆಯ ಮೂಲದಲ್ಲಿ ಒಂದು ಗಿಡಮೂಲಿಕೆಯಿದೆ ಎಂಬುದು ನಮ್ಮಂಥವರಿಗೆ ಕುತೂಹಲದ ಸಂಗತಿ. ಯುರೋಪಿನ ಗಲೇಗಾ ಎಂಬ ಸಸ್ಯದಲ್ಲಿ ಕಂಡುಬಂದ ರಾಸಾಯನಿಕದ ಅಧ್ಯಯನದಿಂದ ಬೆಳೆದುಬಂದ ಔಷಧವಿದು. ಪ್ಯಾರಿಸ್ಸಿನ ವೈದ್ಯ ಝಾನ್ ಸ್ಟರ್ನ್ 1957ರಲ್ಲಿ ಇದರ ಬಳಕೆಯನ್ನು ವರದಿ ಮಾಡಿದರು.

ಇದು ಶರೀರವು ಇನ್ಸುಲಿನ್‌ಗೆ ಸ್ಪಂದಿಸುವುದನ್ನು ಸುಧಾರಿಸುತ್ತದೆ; ಯಕೃತ್ತು ಸಕ್ಕರೆಯನ್ನು ಹೊರಬಿಡುವುದನ್ನು ತಗ್ಗಿಸುತ್ತದೆ. ಸಕ್ಕರೆ ಅತಿಯಾಗಿ ಇಳಿಯುವ ಭಯ ಕಡಿಮೆ, ತಾಯಿಯ ತೂಕ ಹೆಚ್ಚುವುದೂ ಕಡಿಮೆ, ಬೆಲೆಯೂ ಅಗ್ಗ, ಸೂಜಿಯ ತೊಂದರೆಯಿಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ 751 ಗರ್ಭಿಣಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶಿಶುಗಳ ಒಟ್ಟಾರೆ ತೊಡಕುಗಳು ಎರಡೂ ಗುಂಪುಗಳಲ್ಲಿ ಸರಿಸುಮಾರು ಒಂದೇ ಆಗಿದ್ದವು: ಗುಳಿಗೆಯಲ್ಲಿ ಶೇ. 32.0, ಇನ್ಸುಲಿನ್‌ನಲ್ಲಿ ಶೇ. 32.2. ತಾಯಂದಿರೂ ಗುಳಿಗೆಯನ್ನೇ ಹೆಚ್ಚು ಮೆಚ್ಚಿದರು.

ಆದರೆ ಅದೇ ಅಧ್ಯಯನದ ಇನ್ನೆರಡು ಅಂಶಗಳನ್ನು ಮರೆಯಬಾರದು. ಗುಳಿಗೆ ಆರಂಭಿಸಿದವರಲ್ಲಿ ಶೇ. 46ರಷ್ಟು ಮಂದಿಗೆ ಕೊನೆಗೆ ಇನ್ಸುಲಿನ್ ಸೇರಿಸಬೇಕಾಯಿತು. ಅವಧಿಗೆ ಮುಂಚಿನ ಹೆರಿಗೆಗಳು ಗುಳಿಗೆಯ ಗುಂಪಿನಲ್ಲಿ ತುಸು ಹೆಚ್ಚಾಗಿದ್ದವು. ಮುಖ್ಯವಾಗಿ, ಮೆಟ್‌ಫಾರ್ಮಿನ್ ಮಾಸನ್ನು ದಾಟುತ್ತದೆ. ಇದರಿಂದ ಶಿಶುವಿಗೆ ಅಂಗವೈಕಲ್ಯ ಬರುವುದೆಂಬುದು ಕಂಡುಬಂದಿಲ್ಲ. ಆದರೆ ಆ ತಾಯಂದಿರ ಮಕ್ಕಳನ್ನು ಏಳರಿಂದ ಒಂಬತ್ತು ವರ್ಷಗಳ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಿದಾಗ, ಆಕ್ಲೆಂಡ್ ನಗರದ ಮಕ್ಕಳಲ್ಲಿ ಗುಳಿಗೆಯ ಗುಂಪಿನವರು ತೂಕದಲ್ಲಿ ಹೆಚ್ಚಿದ್ದರು. ಅಡಿಲೇಡ್ ನಗರದಲ್ಲಿ ಅಂತಹ ವ್ಯತ್ಯಾಸ ಕಾಣಲಿಲ್ಲ. ಈ ಕಾರಣದಿಂದಲೇ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಅಮೆರಿಕದ ಮಧುಮೇಹ ಸಂಘವು ಇನ್ಸುಲಿನ್‌ಗೆ ಮೊದಲ ಸ್ಥಾನ ಕೊಟ್ಟರೆ, ಬ್ರಿಟನ್ನಿನ ಮಾರ್ಗಸೂಚಿಯು ಪಥ್ಯ ಸಾಲದಾದಾಗ ಸಾಮಾನ್ಯವಾಗಿ ಮೆಟ್‌ಫಾರ್ಮಿನ್‌ನಿಂದ ಆರಂಭಿಸುತ್ತದೆ. ನಮ್ಮ ದೇಶದ 2018ರ ಮಾರ್ಗಸೂಚಿ ಎರಡಕ್ಕೂ ಅವಕಾಶ ಕೊಟ್ಟಿದೆ. ಗುಳಿಗೆಯನ್ನು 20ನೆಯ ವಾರದ ನಂತರ ಮಾತ್ರ ಆರಂಭಿಸಬೇಕೆಂದೂ, ಅದರಿಂದ ಸಕ್ಕರೆ ಹತೋಟಿಗೆ ಬಾರದಿದ್ದರೆ ಇನ್ಸುಲಿನ್ ಸೇರಿಸಬೇಕೆಂದೂ ಹೇಳುತ್ತದೆ.

ವಾಕರಿಕೆ, ಭೇದಿ ಇದರ ಸಾಮಾನ್ಯ ಉಪದ್ರವಗಳು. ಊಟದೊಡನೆ ಸೇವಿಸಿದರೆ ತಗ್ಗುತ್ತವೆ. ಮೂತ್ರಪಿಂಡದ ತೊಂದರೆಯುಳ್ಳವರಿಗೆ ಇದು ಸಲ್ಲದು. ರಕ್ತದೊತ್ತಡ ಏರಿರುವಾಗ ಅಥವಾ ಶಿಶುವಿನ ಬೆಳವಣಿಗೆ ಕುಂಠಿತವಾಗಿರುವಾಗ ವೈದ್ಯರು ಸಾಮಾನ್ಯವಾಗಿ ಇದನ್ನು ಆರಿಸುವುದಿಲ್ಲ.

ಗ್ಲೈಬೆನ್‌ಕ್ಲಮೈಡ್ ಗುಳಿಗೆ

ಇದು ತಾಯಿಯ ಗ್ರಂಥಿಯನ್ನು ಪ್ರಚೋದಿಸಿ ಇನ್ಸುಲಿನ್ ಹೆಚ್ಚಿಸುವ ಹಳೆಯ ಗುಳಿಗೆ. ಅಮೆರಿಕದಲ್ಲಿ 404 ಗರ್ಭಿಣಿಯರ ಮೇಲೆ ನಡೆದ ಅಧ್ಯಯನವೊಂದು 2000ದಲ್ಲಿ ಇದು ಇನ್ಸುಲಿನ್‌ಗೆ ಸಮವೆಂದು ವರದಿ ಮಾಡಿದಾಗ ಎಲ್ಲೆಡೆ ಉತ್ಸಾಹ ಮೂಡಿತು. ಮಾಸನ್ನು ದಾಟುವುದಿಲ್ಲವೆಂದೂ ಆಗ ಭಾವಿಸಲಾಗಿತ್ತು. ಬಳಿಕ ಸೂಕ್ಷ್ಮವಾಗಿ ಅಳೆದಾಗ ಅದು ದಾಟುತ್ತದೆಂದು ತಿಳಿಯಿತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಇನ್ಸುಲಿನ್ ಪಡೆದವರಿಗಿಂತ ಈ ಗುಳಿಗೆ ಪಡೆದವರ ಶಿಶುಗಳು ಹೆಚ್ಚು ತೂಕದವಾಗಿದ್ದುದೂ, ಹುಟ್ಟಿದೊಡನೆ ಸಕ್ಕರೆ ಕುಸಿತ ಹೆಚ್ಚಿದ್ದುದೂ ಕಂಡಿತು. ಫ್ರಾನ್ಸಿನಲ್ಲಿ 914 ಗರ್ಭಿಣಿಯರ ಮೇಲೆ ನಡೆದ 2018ರ ಅಧ್ಯಯನವೂ ಇದು ಇನ್ಸುಲಿನ್‌ಗಿಂತ ಕಡಿಮೆಯಲ್ಲವೆಂದು ಸಿದ್ಧಪಡಿಸಲಾಗಲಿಲ್ಲ. ಆದ್ದರಿಂದ ಮೂರರಲ್ಲಿ ಇದಕ್ಕೆ ಕೊನೆಯ ಸ್ಥಾನ. ಮಧುಮೇಹದ ಇತರ ಹೊಸ ಗುಳಿಗೆಗಳನ್ನು ಮನೆಯ ಹಿರಿಯರು ಸೇವಿಸುತ್ತಿದ್ದರೂ ಗರ್ಭಿಣಿ ಅವನ್ನು ಮುಟ್ಟಬಾರದು.

ನಮ್ಮ ಆಯುರ್ವೇದದ ಮಾತು

ಪ್ರಮೇಹದ ಇಪ್ಪತ್ತು ಭೇದಗಳನ್ನು ವಿವರಿಸಿದ ಶಾಸ್ತ್ರ ನಮ್ಮದು. ಸದಾ ಸಿಹಿಯನ್ನೇ ಸೇವಿಸುವ ಗರ್ಭಿಣಿಯ ಮಗು ಅತಿಸ್ಥೂಲವಾಗಬಹುದು, ಪ್ರಮೇಹಕ್ಕೆ ಗುರಿಯಾಗಬಹುದು ಎಂಬ ಎಚ್ಚರಿಕೆ ಚರಕ ಸಂಹಿತೆಯ ಶಾರೀರಸ್ಥಾನದಲ್ಲಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಪರೀಕ್ಷೆಗೆ ಒಳಗಾದ 785 ಗರ್ಭಿಣಿಯರಲ್ಲಿ ಶೇ. 6.2ರಷ್ಟು ಮಂದಿಗೆ ಮಧುಮೇಹ ಕಂಡುಬಂದಿತ್ತು. ಅವರ ಮಕ್ಕಳನ್ನು ಮುಂದೆ ವರ್ಷಗಳ ಕಾಲ ಗಮನಿಸಿದಾಗ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಚರ್ಮದಡಿಯ ಕೊಬ್ಬು ಹೆಚ್ಚಿತ್ತು. ಪ್ರಾಚೀನರ ನೋಟ ಎಷ್ಟು ದೂರಗಾಮಿಯಾದುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ದೊರೆತ ಸಾಕ್ಷಿಯಿದು.

ಆದರೆ ಈ ಹೆಮ್ಮೆ ನಮ್ಮನ್ನು ಒಮ್ಮೆ ದಾರಿ ತಪ್ಪಿಸಿತು. ಅದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ವೃತ್ತಿಯ ಮೊದಲ ದಶಕದಲ್ಲಿ ಏಳು ತಿಂಗಳ ಗರ್ಭಿಣಿಯೊಬ್ಬರನ್ನು ಮನೆಯವರು ನಮ್ಮಲ್ಲಿಗೆ ಕರೆತಂದರು. ಪಟ್ಟಣದ ವೈದ್ಯರು ಇನ್ಸುಲಿನ್ ಸೂಚಿಸಿದ್ದರು. ಇವರಿಗೆ ಸೂಜಿ ಬೇಡವಾಗಿತ್ತು. ನಾವು ಕಷಾಯ, ಪಥ್ಯಗಳನ್ನು ಕೊಟ್ಟೆವು. ಮೂತ್ರ ಪರೀಕ್ಷೆಯೊಂದನ್ನೇ ನಂಬಿ ಐದು ವಾರ ಕಳೆದೆವು. ಮಗು 4 ಕಿಲೋಗ್ರಾಂ ಮೀರಿತ್ತು, ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡಿತು. ತಾಯಿ, ಮಗು ಉಳಿದರು. ಆದರೆ ಆ ಮಗು ಇಂದು ಬೆಳೆದು ದೊಡ್ಡವನಾಗಿದ್ದರೂ ಎಡಗೈಯನ್ನು ಭುಜದ ಮೇಲಕ್ಕೆ ಎತ್ತಲಾರ. ಮನೆಯವರು ನಮ್ಮನ್ನು ಎಂದೂ ದೂರಲಿಲ್ಲ. ಆ ಕೈಗೆ ಪೆಟ್ಟು ಕೊಟ್ಟದ್ದು ನಮ್ಮ ಕಷಾಯವಲ್ಲ, ನಾವು ಕಳೆದ ಐದು ವಾರಗಳು.

ಅಂದಿನಿಂದ ನಾವು ಪಾಲಿಸುತ್ತಿರುವ ನಿಯಮವನ್ನು ಹೇಳುತ್ತೇವೆ. ಗರ್ಭಿಣಿಯ ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮೆಟ್‌ಫಾರ್ಮಿನ್ ಬದಲಾಗಿ ನಾವು ಯಾವ ಮೂಲಿಕೆಯನ್ನೂ ಕೊಡುವುದಿಲ್ಲ. ಮಧುನಾಶಿನಿ ಮುಂತಾದವುಗಳು ಗರ್ಭಿಣಿಯರಿಗೆ ಸುರಕ್ಷಿತವೆಂದು ಸಿದ್ಧವಾಗಿಲ್ಲ. ಹಾಗಲಕಾಯಿಯನ್ನು ಪಲ್ಯವಾಗಿ, ಮೆಂತ್ಯವನ್ನು ಒಗ್ಗರಣೆಯ ಮಟ್ಟಿಗೆ ಬಳಸಬಹುದು. ಲೋಟಗಟ್ಟಲೆ ಹಾಗಲದ ರಸ, ಹಿಡಿಗಟ್ಟಲೆ ಮೆಂತ್ಯದ ಪುಡಿ ಬೇಡ. ಭಸ್ಮಗಳಂತೂ ಬೇಡವೇ ಬೇಡ. ಪ್ರಮೇಹಕ್ಕೆ ಬಳಸುವ ತ್ರಿವಂಗ ಭಸ್ಮದಲ್ಲಿ ವಂಗ, ಯಶದಗಳೊಡನೆ ನಾಗ, ಅಂದರೆ ಸೀಸವೂ ಸೇರಿದೆ. ಸೀಸವು ಮಾಸನ್ನು ದಾಟಿ ಶಿಶುವಿನ ಮಿದುಳಿಗೆ ಹಾನಿಮಾಡುತ್ತದೆ. ‘ನಾಟಿ ಔಷಧ, ಅಡ್ಡಪರಿಣಾಮವಿಲ್ಲ’ ಎಂದು ಹೆಸರಿಲ್ಲದ ಪುಡಿಯನ್ನು ಮಾರುವವರಿಂದ ದೂರವಿರಿ. ಗರ್ಭಿಣಿಯನ್ನು ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಗೆ ಹೋಲಿಸಿ, ಕದಡದಂತೆ ಉಪಚರಿಸಬೇಕೆಂದ ಚರಕರ ಆಶಯಕ್ಕೆ ಅದೇ ನಿಜವಾದ ಗೌರವ. ಪಥ್ಯ, ದಿನಚರಿ, ನಿದ್ರೆ, ಮನಸ್ಸಿನ ನೆಮ್ಮದಿ ಇವುಗಳಲ್ಲಿ ಆಯುರ್ವೇದಕ್ಕೆ ಮಾಡಬೇಕಾದ ಕೆಲಸ ಬಹಳಷ್ಟಿದೆ.

ಹಾಗಾದರೆ ಯಾವುದನ್ನು ಆರಿಸಬೇಕು?

ಗರ್ಭಕ್ಕೆ ಮೊದಲೇ ಮಧುಮೇಹವಿದ್ದು ಇನ್ಸುಲಿನ್ ಪಡೆಯುತ್ತಿದ್ದವರು ಅದನ್ನು ನಿಲ್ಲಿಸಲೇಬಾರದು. ಖಾಲಿ ಹೊಟ್ಟೆಯ ಸಕ್ಕರೆ ಬಹಳ ಏರಿದ್ದರೆ, ರೋಗ 20 ವಾರಕ್ಕೆ ಮುಂಚೆಯೇ ಪತ್ತೆಯಾಗಿದ್ದರೆ, ಶಿಶುವಿನ ಬೆಳವಣಿಗೆಯಲ್ಲಿ ಏರುಪೇರಿದ್ದರೆ ಇನ್ಸುಲಿನ್ ಉತ್ತಮ ಆಯ್ಕೆ. ಸಕ್ಕರೆ ಸ್ವಲ್ಪವೇ ಏರಿದ್ದು, ಸೂಜಿಯನ್ನು ನಿಭಾಯಿಸುವುದು ಮನೆಯಲ್ಲಿ ನಿಜಕ್ಕೂ ಕಷ್ಟವಾಗಿದ್ದರೆ ಮೆಟ್‌ಫಾರ್ಮಿನ್ ಒಪ್ಪತಕ್ಕ ದಾರಿ. ಮುಂದೆ ಇನ್ಸುಲಿನ್ ಬೇಕಾದೀತೆಂಬ ಸಿದ್ಧತೆಯಿರಲಿ. ಅಂತಿಮ ನಿರ್ಣಯ ಪ್ರಸೂತಿ ತಜ್ಞರದು. ಅವರನ್ನು ಹೀಗೆ ಕೇಳಿ: ನಮ್ಮ ಗುರಿಯ ಸಂಖ್ಯೆ ಎಷ್ಟು? ಮುಂದಿನ ಪರೀಕ್ಷೆ ಯಾವಾಗ? ಗುರಿ ತಲುಪದಿದ್ದರೆ ಮುಂದೇನು? ಔಷಧದ ಹೆಸರಿಗಿಂತ ಈ ಮೂರು ಉತ್ತರಗಳು ಮುಖ್ಯ.

ಹೆರಿಗೆಯ ನಂತರ

ಮಗುವಿಗೆ ಮೊದಲ ಗಂಟೆಯಲ್ಲಿಯೇ ಎದೆಹಾಲು ಉಣಿಸಿ. ಅದರ ಸಕ್ಕರೆಯನ್ನು ಪರೀಕ್ಷಿಸಲು ವೈದ್ಯರಿಗೆ ಅವಕಾಶ ಕೊಡಿ. ಜೇನುತುಪ್ಪ ನೆಕ್ಕಿಸುವುದು ಬೇಡ. ತಾಯಿಗೆ ಆರು ವಾರಗಳ ನಂತರ ಮತ್ತೆ ಗ್ಲೂಕೋಸ್ ಪರೀಕ್ಷೆಯಾಗಬೇಕು, ಆಮೇಲೆ ವರ್ಷಕ್ಕೊಮ್ಮೆ. ಬಾಣಂತನದ ಅಂಟಿನ ಉಂಡೆಯ ಗಡಿಬಿಡಿಯಲ್ಲಿ ಮರೆತುಹೋಗುವುದು ಇದೇ. ಗರ್ಭಾವಸ್ಥೆಯಲ್ಲಿ ಮಧುಮೇಹವಿದ್ದವರಿಗೆ ಮುಂದೆ ಶಾಶ್ವತ ಮಧುಮೇಹ ಬರುವ ಸಾಧ್ಯತೆ ಇತರರಿಗಿಂತ ಸುಮಾರು ಏಳು ಪಟ್ಟು ಹೆಚ್ಚು.

ನಮ್ಮ ದೇಶದಲ್ಲಿ ಮಾರ್ಚ್ 10ನ್ನು ಗರ್ಭಾವಸ್ಥೆಯ ಮಧುಮೇಹದ ಜಾಗೃತಿ ದಿನವೆಂದು ಆಚರಿಸುತ್ತಾರೆ. ಆ ದಿನಕ್ಕಾಗಿ ಕಾಯಬೇಕಾಗಿಲ್ಲ. ನಿಮ್ಮ ಮನೆಯಲ್ಲಿ, ನೆರೆಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ಈ ವಾರವೇ ಕೇಳಿ: ಗ್ಲೂಕೋಸ್ ಕುಡಿದು ರಕ್ತ ಪರೀಕ್ಷೆ ಮಾಡಿಸಿಕೊಂಡೆಯಾ, ತಾಯಿ? ಇಲ್ಲವೆಂದರೆ ಜೊತೆಗೆ ಕರೆದೊಯ್ಯಿರಿ.